30 ಬೈಟಿನಲ್ಲಿ ಹಿಡಿಸದ ಚೌಡಯ್ಯನವರು

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಮನೆಗಳಲ್ಲಿ ಕ್ಯಾಸೆಟ್ಟಿನ ಕಾಲ ಮುಗಿದು ಮೆಮೊರಿ ಕಾರ್ಡು, ಪೆನ್‌ಡ್ರೈವುಗಳ ಕಾಲ ಬಂದಾಗ ಹಾಡುಗಳನ್ನು ಕೂಡಿಡುವುದು ಸುಲಭವಾಯಿತೇ ಹೊರತು ಕೂಡಿಟ್ಟದ್ದನ್ನು ಹುಡುಕುವುದು ಸುಲಭವಾಗಲಿಲ್ಲ. ಮೊಬೈಲ್ ಅಂಗಡಿಯಲ್ಲಿ ಹಾಡು ತುಂಬಿಸಿಕೊಂಡು ತಂದ ಕಾರ್ಡಿನೊಳಗೆ ನಂಜುಂಡೇಶ್ವರನ ಭಕ್ತಿಗೀತೆ, ರಾಜ್‌ಕುಮಾರ್ ಚಿತ್ರಗೀತೆ, ಮಾದಪ್ಪನ ಕಥೆ ಮತ್ತು ಹಿಂದಿನ ಗಿರಾಕಿಯ ಮದುವೆಯ ವಾಲಗ ಒಂದೇ ಫೋಲ್ಡರಿನಲ್ಲಿ ಜಗಳವಿಲ್ಲದೆ ವಾಸವಾಗಿರುತ್ತವೆ. ಜಗಳ ಹುಟ್ಟುವುದು ಇವನ್ನು ಪ್ಲೇಲಿಸ್ಟುಗಳಾಗಿ, ಅಂದರೆ ಒಂದಾದ ಮೇಲೊಂದರಂತೆ ಕೇಳಬೇಕಾದ ಹಾಡುಗಳ ಪಟ್ಟಿಗಳಾಗಿ, ವಿಂಗಡಿಸಲು ಮನೆಯ ಪದವೀಧರನೊಬ್ಬ ಮುಂದಾದಾಗ.

ಈ ವಿಂಗಡಣೆಗೆ ಆಧಾರವಾಗಿ ಎಂಪಿ3 ಕಡತಕ್ಕೆ ಅಂಟಿಕೊಂಡಿರುವ ಗುರುತಿನ ಚೀಟಿಗೆ ಐಡಿ3 ಟ್ಯಾಗ್ ಎಂದು ಹೆಸರು. 1996ರಲ್ಲಿ ರೂಪುಗೊಂಡು, ಕಡತದ ಕೊನೆಗೆ ಬಾಲದಂತೆ ಅಂಟಿಕೊಂಡ ಅದರ ಮೊದಲ ಆವೃತ್ತಿಯಲ್ಲಿ ಹಾಡಿನ ಹೆಸರಿಗೆ, ಕಲಾವಿದರಿಗೆ ಮತ್ತು ಆಲ್ಬಮ್ಮಿಗೆ ತಲಾ 30 ಬೈಟುಗಳ ಜಾಗವಿತ್ತು. ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟಿನಲ್ಲಿ ಮುದುಡಿ ಕೂರುತ್ತದೆ. ಯುಟಿಎಫ್-8 ಎಂಬ ರೂಢಿಯ ಸಂಕೇತಕ್ರಮದಲ್ಲಿ ಕನ್ನಡದ ಅಕ್ಷರಕ್ಕೆ ಮೂರು ಬೈಟು ಬೇಕು, ಅದರ ಗುಡಿಸು-ಕೊಂಬುಗಳಿಗೆ ಮತ್ತೆ ಮೂರು ಮೂರು. ಏಳು ತಂತಿಯ ಪಿಟೀಲಿನಿಂದ ಪ್ರಸಿದ್ಧರಾದ ವಿದ್ವಾಂಸ ತಿರುಮಕೂಡಲು ಚೌಡಯ್ಯನವರ ಹೆಸರನ್ನು ಈ ಲೆಕ್ಕದಲ್ಲಿ ಬರೆಯಹೊರಟರೆ ‘ತಿರುಮಕೂಡಲು’ ಎಂಬಷ್ಟಕ್ಕೇ ಸರಿಯಾಗಿ 30 ಬೈಟು ತುಂಬಿ, ಚೌಡಯ್ಯನವರು ಹೊರಗೆ ನಿಲ್ಲಬೇಕಾಗುತ್ತದೆ. ಊರನ್ನು ‘ಟಿ.’ ಎಂದು ಮೊಟಕುಗೊಳಿಸಿದರೆ 26 ಬೈಟಿಗೆ ಅವರು ಒಳಗೆ ಬರುತ್ತಾರೆ, ಆದರೆ ಅಕಾರಾದಿ ಪಟ್ಟಿಯಲ್ಲಿ ತಮಿಳು ಚಿತ್ರಗೀತೆಗಳ ಟಿ. ಎಂ. ಸೌಂದರರಾಜನ್ನರ ನೆರೆಯವರಾಗುತ್ತಾರೆ. ಎರಡನೆಯ ಆವೃತ್ತಿ 1998ರಲ್ಲಿ ಜಾಗದ ಅಭಾವವನ್ನು ನೀಗಿಸಿತಾದರೂ, ಕಲಾವಿದರ ಜಾಗದಲ್ಲಿ ಮುಖ್ಯ ಗಾಯಕರನ್ನಷ್ಟೇ ಬರೆಯುವ ರೂಢಿಯಿಂದ ಪಕ್ಕವಾದ್ಯದವರ ಕಷ್ಟ ಹಾಗೆಯೇ ಉಳಿಯಿತು. ಚೆಂಬೈ ವೈದ್ಯನಾಥ ಭಾಗವತರ ಹಾಡುಗಾರಿಕೆಗೆ ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರರ ಮೃದಂಗ ಕೂಡಿದ ಕಛೇರಿ ಕಂಪ್ಯೂಟರಿನ ದೃಷ್ಟಿಯಲ್ಲಿ ಚೆಂಬೈಯವರೊಬ್ಬರದೇ. ಆದ್ದರಿಂದ ನರಸೀಪುರದ ಅಭಿಮಾನಿ ಚೌಡಯ್ಯನವರ ಹೆಸರನ್ನು ಹುಡುಕಿದಾಗ, ತಾಸುಗಟ್ಟಲೆ ಪಿಟೀಲು ತುಂಬಿದ ಪೆನ್‌ಡ್ರೈವು ಏನೂ ಸಿಗಲಿಲ್ಲವೆಂದು ನಾಚಿಕೆಯಿಲ್ಲದೆ ಉತ್ತರಿಸುತ್ತದೆ.

ಇದಕ್ಕಿಂತ ಗಂಭೀರವಾದ ಅನಾಹುತ ಷಫಲ್ ಎಂಬ, ಹಾಡುಗಳ ಅನುಕ್ರಮವನ್ನು ಮನಬಂದಂತೆ ಕಲಕುವ ಗುಂಡಿಯಿಂದ ಆಗುತ್ತದೆ. ದೇವರಗುಡ್ಡರು, ಎಂದರೆ ಮಾದಪ್ಪನೆಂದೇ ಕರೆಯುವ ಮಹದೇಶ್ವರನ ಹೆಸರಿನಲ್ಲಿ ದೀಕ್ಷೆ ಪಡೆದು ಕಂಸಾಳೆ ಹಿಡಿದು ಹಾಡುವವರು, ಮಾದಪ್ಪನ ಕಾವ್ಯವನ್ನು ಸಾಲುಗಳೆಂಬ ಭಾಗಗಳಾಗಿ ಹಾಡುತ್ತಾರೆ. ರಾತ್ರಿಯಿಡೀ ಸಾಗಬಲ್ಲ ಸಂಕಮ್ಮನ ಸಾಲನ್ನು ಕತ್ತರಿಸಿ ‘ಟ್ರ್ಯಾಕ್ 1’, ‘ಟ್ರ್ಯಾಕ್ 2’ ಎಂದು ತುಂಬಿದ ಕಾರ್ಡಿನಲ್ಲಿ ಆ ಗುಂಡಿಯನ್ನು ಒತ್ತಿದರೆ, ಸೋಲಿಗರ ನೀಲೇಗೌಡ ಹೆಂಡತಿ ಸಂಕಮ್ಮನನ್ನು ಶಂಕಿಸಿ ಭಾಷೆ ಕೇಳುವುದಕ್ಕೆ ಮೊದಲೇ ಕಾರಯ್ಯ, ಬಿಲ್ಲಯ್ಯ ಎಂಬ ಅವಳಿ ಮಕ್ಕಳು ಹುಟ್ಟಿಬಿಡುತ್ತಾರೆ. ಮಾದಪ್ಪನ ವರದಿಂದ ಆಮೇಲೆ ಹುಟ್ಟಬೇಕಾದ ಮಕ್ಕಳು ಹೀಗೆ ಅವಸರ ಮಾಡಿದರೆ, ಆ ಗಂಡನ ಸಂಶಯಕ್ಕೆ ತಂತ್ರಾಂಶವೇ ಸಾಕ್ಷಿ ಹೇಳಿದಂತಾಗುತ್ತದೆ. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದಲ್ಲಿ ಮೊದಲೇ ರಾಗಿ ಬೀಸಿ ಮುಗಿಸಬೇಕಾದ ಮಾದಪ್ಪನೂ ತನ್ನ ಬೆಟ್ಟದಲ್ಲಿ ನೆಲೆಸಿಯಾದ ಮೇಲೆ ಬೀಸುವ ಕೆಲಸಕ್ಕೆ ಹಿಂತಿರುಗುತ್ತಾನೆ.

ಜಾತ್ರೆಯ ಗದ್ದಲದಲ್ಲಿ ಫೋನಿನಲ್ಲಿ ಹಿಡಿದುಕೊಂಡ ತಂಬೂರಿ ಹಿಡಿದು ಕಥೆ ಹಾಡುವ ನೀಲಗಾರರ ಪದಗಳಿಗೆ ಚೀಟಿಯೇ ಇರುವುದಿಲ್ಲವಾದ್ದರಿಂದ ಅವು ‘ಅಜ್ಞಾತ ಕಲಾವಿದ’ ಎಂಬ ತಲೆಬರಹದಡಿ ಸೇರುತ್ತವೆ. ಕಾವೇರಿ, ಕಪಿಲೆಯರ ಸಂಗಮದಲ್ಲಿ ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಕೂಡುತ್ತದೆಂದು ನಂಬಿರುವ ತಿರುಮಕೂಡಲಿನವರಿಗೆ ಈ ಗುಪ್ತ ವಿಭಾಗ ವಿಚಿತ್ರವೆನಿಸದು. ಪೆನ್‌ಡ್ರೈವಿನಲ್ಲಿ ಅತಿ ಹೆಚ್ಚು ಜಾಗ ತಿನ್ನುವುದೂ ಅದೇ ಎಂಬುದಷ್ಟೇ ವ್ಯತ್ಯಾಸ.

ಇಷ್ಟೆಲ್ಲ ಆದ ಮೇಲೆ ಪದವೀಧರನ ರಾಗ, ತಾಳ, ವಾಗ್ಗೇಯಕಾರರ ವರ್ಗೀಕರಣ ಬದಿಗೆ ಸರಿದು, ‘ಸೋಮವಾರ’, ‘ಅಡುಗೆಮನೆ’, ‘ಟ್ರ್ಯಾಕ್ಟರ್’ ಎಂಬ ಪಟ್ಟಿಗಳು ಉಳಿದುಕೊಳ್ಳುತ್ತವೆ. ಇವುಗಳಲ್ಲಿ ಪಿ. ಬಿ. ಶ್ರೀನಿವಾಸರ ಹಾಡುಗಳು ರಾಜ್‌ಕುಮಾರರ ಹೆಸರಿನಲ್ಲಿರುತ್ತವೆ, ತೆರೆಯ ಮೇಲೆ ತುಟಿಯಾಡಿಸಿದವರನ್ನೇ ಒಡೆಯರೆನ್ನುವ ನ್ಯಾಯ ಇಲ್ಲಿ ಪ್ರಶ್ನಾತೀತ. ಅಜ್ಜಿಯ ಪಟ್ಟಿಯಲ್ಲಿ ಮಾತ್ರ ಒಂದೇ ಒಂದು ಕಡತವಿದ್ದು, ಅದು ಅಂತರ್ಜಾಲದಿಂದ ಫೋನಿಗೆ ಹರಿದು ಬರುವ, ಕತ್ತರಿಸದ ಇಡೀ ಸಾಲು. ಕಥೆ ಹೇಳುವವರಿಗೆ ಕೇಳುವವರು ಹೂಂಗುಟ್ಟುತ್ತಿರಬೇಕೆಂಬ ರೂಢಿಯನ್ನು ಫೋನೂ ಎಲ್ಲಿಂದಲೋ ಕಲಿತಿದ್ದು, ನಡುರಾತ್ರಿಯಲ್ಲಿ ಹಾಡನ್ನು ತಡೆದು, ಇನ್ನೂ ಮುಂದುವರಿಸಬೇಕೇ ಎಂದು ವಿಚಾರಿಸುತ್ತದೆ. ಅಜ್ಜಿ ಮಲಗಿದ್ದಲ್ಲಿಂದಲೇ ಎಷ್ಟು ಗಟ್ಟಿಯಾಗಿ ಹೂಂಗುಟ್ಟಿದರೂ ಅದು ಒಪ್ಪುವುದಿಲ್ಲ, ಎದ್ದು ಬಂದು ಬೆರಳು ಒತ್ತಬೇಕು.