ಹುರುಳಿರುವ ಸಾರು

ಹುರುಳಿಕಾಳನ್ನು ಗಂಟೆಗಟ್ಟಲೆ ಬೇಯಿಸಿ ಬಸಿದ ನೀರಿಗೆ ‘ಕಟ್ಟು’ ಎಂದು ಹೆಸರು. ಆ ಕಟ್ಟನ್ನು ಇನ್ನಷ್ಟು ಬತ್ತಿಸಿ, ಮಸಾಲೆ ಕೂಡಿಸಿ, ದಿನಕ್ಕೊಮ್ಮೆ ಕುದಿಸುತ್ತ ಮೂರು ನಾಲ್ಕು ದಿನ ಉಣ್ಣುವ ಪದಾರ್ಥವೇ ಹುರುಳಿ ಕಟ್ಟಿನ ಸಾರು. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಬರೀ ‘ಕಟ್ಟಿನ ಸಾರು’ ಎಂದರೆ ಸಾಕು. ಯಾವುದರ ಕಟ್ಟು ಎಂದು ಕೇಳಿದವರು ಹೊರಗಿನವರೆಂದು ತಿಳಿದುಹೋಗುತ್ತದೆ. ನೋಟಕ್ಕೆ ಇದು ಚೆಲುವಿನ ಪದಾರ್ಥವಲ್ಲ. ಬಣ್ಣ ಬೇಸಿಗೆಯಲ್ಲಿ ಕೆರೆಯಿಂದ ಹೊಡೆದ ಗೋಡುಮಣ್ಣಿನದು, ಹದ ಗಾಡಿಯ ಕೀಲೆಣ್ಣೆಯದು. ಉಂಡದ್ದನ್ನೆಲ್ಲ ಫೋಟೋ ತೆಗೆದು ನಂಟರಿಗೆ ಕಳಿಸುವ ಈ ಕಾಲದಲ್ಲೂ ಇದರ ಫೋಟೋ ತೆಗೆದವರು ಕಡಿಮೆ. ತೆಗೆದವರಿಗೆ ಬರುವ ಮೊದಲ ಉತ್ತರ, ‘ಗಾಡಿ ಆಯಿಲ್ ಚೇಂಜ್ ಮಾಡಿಸಿದ್ರಾ?’

ಇದನ್ನು ಇದರ ದಾಯಾದಿಗಳೊಂದಿಗೆ ಕಲಸಬಾರದು. ಕಾಳನ್ನು ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸಿ, ಆಲೂಗಡ್ಡೆ ಬದನೆಕಾಯಿ ಹಾಕಿ ಮಾಡುವುದು ಮೊಳಕೆ ಹುರುಳಿ ಸಾರು. ಅದು ಅವತ್ತಿನದು ಅವತ್ತಿಗೆ. ಸೊಪ್ಪು ಕಾಳು ಬೇಯಿಸಿ ಬಸಿದು, ನೀರನ್ನು ಸಾರಿಗೂ ಮಿಕ್ಕಿದ್ದನ್ನು ಪಲ್ಯಕ್ಕೂ ಹಂಚುವುದು ಬಸ್ಸಾರು. ಕಟ್ಟಿನ ಸಾರಿನಲ್ಲಿ ಕಾಳಿಗೆ ಪಾಲಿಲ್ಲ; ಮಸಾಲೆಗೆ ಅರೆಯುವ ಒಂದು ಹಿಡಿ ಬಿಟ್ಟರೆ ಉಳಿದದ್ದು ಬೇರೆಯವರ ಪಾಲು. ಆ ಬೇರೆಯವರು ಯಾರು ಎಂಬಲ್ಲಿಂದಲೇ ಈ ಸಾರಿನ ಚರಿತ್ರೆ ಶುರುವಾಗುತ್ತದೆ.

ಕಟ್ಟು ಹುಟ್ಟಿದ್ದು ಅಡುಗೆಮನೆಯಲ್ಲಲ್ಲ, ಕೊಟ್ಟಿಗೆಯಲ್ಲಿ. ಹುರುಳಿ ಮುಂಗಾರು ಕೈಕೊಟ್ಟ ಹೊಲಕ್ಕೆ, ಮಳೆ ಹಿಂದೆಗೆಯುವ ಹೊತ್ತಿಗೆ ಬಿತ್ತುವ ಕಾಳು. ಗೊಬ್ಬರ ಕೇಳುವುದಿಲ್ಲ, ನೀರು ಬೇಡುವುದಿಲ್ಲ, ಇಬ್ಬನಿ ಕುಡಿದೇ ಕಾಯಿ ಕಟ್ಟುತ್ತದೆ ಎಂದು ರೈತರ ನಂಬಿಕೆ. ಉಳುವ ಎತ್ತಿಗೆ ಇದನ್ನು ಹಂಡೆಯಲ್ಲಿ ಬೇಯಿಸಿ ಇಡುವುದು ವಾಡಿಕೆಯಾಗಿತ್ತು. ಬೇಯಿಸಿದ ನೀರನ್ನು ಚೆಲ್ಲಲು ಮನಸ್ಸು ಬಾರದ ಯಾವಳೋ ತಾಯಿ ಅದಕ್ಕೆ ಉಪ್ಪು, ಹುಳಿ, ಖಾರ ಹಾಕಿ ಮನೆಯವರಿಗೆ ಬಡಿಸಿರಬೇಕು. ಹೀಗೆ ಕಾಳು ಎತ್ತಿಗೆ, ನೀರು ಯಜಮಾನನಿಗೆ ಎಂಬ ಹಂಚಿಕೆ ಬಂತು. ಮನೆಯಲ್ಲಿ ಯಾರ ಸ್ಥಾನ ಎಲ್ಲಿ ಎಂಬ ಬಗ್ಗೆ ಯಜಮಾನನಿಗೂ ಅನುಮಾನವಿರಲಿಲ್ಲ, ಎತ್ತಿಗೂ ಇರಲಿಲ್ಲ.

ಅಜ್ಜಂಪುರದ ಸೀಮೆಯಲ್ಲಿ ಎತ್ತಿಗೆ ಈ ಮರ್ಯಾದೆ ಸಲ್ಲುವುದಕ್ಕೆ ಇನ್ನೊಂದು ಕಾರಣವೂ ಉಂಟು. ಮೈಸೂರು ಅರಸರ ದನಗಳ ಇಲಾಖೆಯಾಗಿದ್ದ ‘ಬೆಣ್ಣೆ ಚಾವಡಿ’ಯನ್ನು ಟಿಪ್ಪು ಸುಲ್ತಾನ ‘ಅಮೃತ ಮಹಲ್’ ಎಂದು ಕರೆದ. ದಂಡಿನ ಫಿರಂಗಿ ಎಳೆಯುತ್ತಿದ್ದ ಆ ಹೆಸರಿನ ತಳಿಯ ಸಂವರ್ಧನಾ ಕೇಂದ್ರ ಇರುವುದು ಅಜ್ಜಂಪುರದಲ್ಲೇ. ಫಿರಂಗಿ ಎಳೆದವರ ಮುಂದೆ ಮುದ್ದೆ ಎಳೆಯುವವರು ಕಾಳಿನ ಹಕ್ಕು ಸಾಧಿಸುವುದು ನ್ಯಾಯವೂ ಅಲ್ಲ. ಇಂಗ್ಲಿಷರು ಈ ಕಾಳನ್ನು ಕುದುರೆಗೆ ಹಾಕುವುದು ಕಂಡು ‘ಹಾರ್ಸ್ ಗ್ರಾಂ’ ಎಂದರು. ಎತ್ತಿನ ಹೆಸರು ಬಿಟ್ಟುಹೋಯಿತು, ಮನುಷ್ಯನ ಹೆಸರಂತೂ ಅವರಿಗೆ ಹೊಳೆಯಲೇ ಇಲ್ಲ.

ಜಗತ್ತಿನ ಪಂಕ್ತಿಯಲ್ಲಿ ಕಟ್ಟಿನ ಸಾರಿಗೆ ಸರಿಸಾಟಿಯಾಗಿ ಕೂರಬಲ್ಲದ್ದು ಚೀನಾದ ಹಕ್ಕಿಗೂಡಿನ ಸಾರು. ಗೂಡೆಂದರೆ ಕಡ್ಡಿ ಕಸದ್ದಲ್ಲ. ಸ್ವಿಫ್ಟ್‌ಲೆಟ್ ಎಂಬ ಪುಟ್ಟ ಹಕ್ಕಿ ಗುಹೆಯ ಗೋಡೆಗೆ ತನ್ನ ಜೊಲ್ಲಿನಿಂದಲೇ ಕಟ್ಟುವ ಬಟ್ಟಲದು. ಆಗ್ನೇಯ ಏಷ್ಯಾದ ಗುಹೆಗಳಲ್ಲಿ ಏಣಿ ಹಾಕಿ, ಜೀವ ಪಣಕ್ಕಿಟ್ಟು ಅದನ್ನು ಕಿತ್ತು ತರುತ್ತಾರೆ. ಒಳ್ಳೆಯ ಬಿಳಿ ಗೂಡಿನ ಬೆಲೆ ಕಿಲೋಗೆ ಲಕ್ಷ ರೂಪಾಯಿ ದಾಟುತ್ತದೆ. ಈ ಹಕ್ಕಿಯ ಬಂಧುವೊಂದು ನಮ್ಮ ಪಶ್ಚಿಮ ಘಟ್ಟದ ಗುಹೆಗಳಲ್ಲೂ ಇದೆ. ಆದರೆ ಅದು ಗೂಡಿಗೆ ಹುಲ್ಲು, ಪಾಚಿ, ಪುಕ್ಕ ಬೆರೆಸುತ್ತದೆ. ಘಟ್ಟದ ಹಕ್ಕಿ, ಜೊಲ್ಲನ್ನೂ ಹಿಡಿತದಲ್ಲಿ ಖರ್ಚು ಮಾಡುತ್ತದೆ.

ಯುವಾನ್ ಮೇ ಎಂಬ ಚೀನೀ ಕವಿ 1792ರಲ್ಲಿ ಹೊರತಂದ ಅಡುಗೆ ಪುಸ್ತಕದಲ್ಲಿ ಈ ಸಾರಿನ ವಿಧಾನವಿದೆ. ಗೂಡನ್ನು ಕುದಿನೀರಿನಲ್ಲಿ ನೆನೆಸಬೇಕು, ಬೆಳ್ಳಿಯ ಸೂಜಿಯಿಂದ ಕಪ್ಪೆಳೆಗಳನ್ನು ಒಂದೊಂದಾಗಿ ತೆಗೆಯಬೇಕು, ಎಳೆಕೋಳಿ, ಒಣಗಿಸಿದ ಹಂದಿಮಾಂಸ, ಅಣಬೆಗಳ ತಿಳಿಸಾರಿನಲ್ಲಿ ಕುದಿಸಬೇಕು. ಇದರ ಗುಟ್ಟು ಇಲ್ಲೇ ಇದೆ: ಗೂಡಿಗೆ ಸ್ವಂತದ ರುಚಿ ಇಲ್ಲ. ರುಚಿಯೆಲ್ಲ ಕೋಳಿಯದು, ಹೆಸರೆಲ್ಲ ಗೂಡಿನದು. ಬಡಾಯಿಗೆ ಮೇಲೆ ನಾಲ್ಕೆಳೆ ಗೂಡು ಹರಡಿ, ಕೆಳಗೆ ಏನೋ ತುಂಬಿ ಬಡಿಸುವವರನ್ನೂ, ದೊಡ್ಡ ಬೋಗುಣಿಯ ತುಂಬ ಸಪ್ಪೆ ಗೂಡು ಬೇಯಿಸಿಟ್ಟು ಮೆರೆಯುವವರನ್ನೂ ಆ ಕವಿ ಚೆನ್ನಾಗಿ ಗೇಲಿ ಮಾಡಿದ್ದಾನೆ. ಅವನನ್ನು ಇವತ್ತು ಯಾವುದಾದರೂ ಕಲ್ಯಾಣ ಮಂಟಪದ ಆರತಕ್ಷತೆಗೆ ಕರೆದು, ಬಾಗಿಲಲ್ಲಿ ಕಾಗದದ ಲೋಟದಲ್ಲಿ ಕೊಡುವ ‘ಸ್ವೀಟ್ ಕಾರ್ನ್ ಸೂಪ್’ ಕೈಗಿಡಬೇಕಿತ್ತು. ಮೆಕ್ಕೆಜೋಳದ ಹಿಟ್ಟಿನ ಗಂಜಿಯಲ್ಲಿ ಮೂರು ಕಾಳು ಮೆಕ್ಕೆಜೋಳ ಈಜುತ್ತಿರುತ್ತವೆ. ಇದು ಚೀನಾದ್ದೆಂದು ಮದುವೆಮನೆಯವರು ತಿಳಿದಿದ್ದಾರೆ, ಚೀನಾಕ್ಕೆ ಈ ವಿಷಯ ತಿಳಿದಂತಿಲ್ಲ.

ಹುರುಳಿಗೆ ಬೆಳ್ಳಿ ಸೂಜಿ ಬೇಕಿಲ್ಲ, ಮೊರ ಬೇಕು. ಕೇರಿದರೆ ಹೊಟ್ಟು, ಜೊಳ್ಳು, ಕಸ ಹಾರುತ್ತದೆ; ಕಲ್ಲು ಹಾರುವುದಿಲ್ಲ. ನೆಲದ ಮೇಲೆ ಕಣ ಮಾಡಿ ಬಡಿದ ಹುರುಳಿಯಲ್ಲಿ ಹುರುಳಿಯಷ್ಟೇ ಗಾತ್ರದ, ಹುರುಳಿಯದೇ ಬಣ್ಣದ, ಹುರುಳಿಗಿಂತ ತುಸು ಹೆಚ್ಚೇ ಹೊಳಪಿನ ಕಲ್ಲುಗಳಿರುತ್ತವೆ. ಕನ್ನಡಕ ಏರಿಸಿಕೊಂಡ ಅಜ್ಜಿಯೊಬ್ಬರು ಮೊರದ ಮುಂದೆ ಕೂತು ಇವನ್ನು ಆರಿಸುತ್ತಾರೆ. ಕಟ್ಟಿನ ಸಾರಿನಲ್ಲಿ ಕಾಳು ಬಾಯಿಗೆ ಬರುವುದೇ ಇಲ್ಲವಲ್ಲ, ಕಲ್ಲಿದ್ದರೇನು ಎಂದು ತರ್ಕ ಮಾಡಿದ ಮಕ್ಕಳಿಗೆ ಅವರಲ್ಲಿ ಉತ್ತರ ಸಿದ್ಧವಿರುತ್ತದೆ: ‘ಎತ್ತಿಗೂ ಹಲ್ಲೈತೆ ಕಣೋ.’

ಆರಿಸಿದ ಕಾಳನ್ನು ತೊಳೆದು ರಾತ್ರಿ ನೆನೆಹಾಕುತ್ತಾರೆ. ಕೆಲವರು ಒಂದು ಹದಕ್ಕೆ ಹುರಿದುಕೊಳ್ಳುವುದೂ ಉಂಟು. ಅರ್ಧ ಸೇರು ಕಾಳಿಗೆ ಐದಾರು ಸೇರು ನೀರಿಟ್ಟು, ಒಲೆಯ ಮೇಲೆ ಬಾಯಿ ತೆರೆದ ಪಾತ್ರೆಯಲ್ಲಿ ಬೇಯಲು ಬಿಡಬೇಕು. ಹುರುಳಿಯ ಸಿಪ್ಪೆ ಗಟ್ಟಿ, ಸ್ವಭಾವವೂ ಗಟ್ಟಿ; ಮೊದಲ ಒಂದು ಗಂಟೆ ಅದು ಬೆಂಕಿಯನ್ನು ಲಕ್ಷ್ಯಕ್ಕೇ ತಂದುಕೊಳ್ಳುವುದಿಲ್ಲ. ಆಮೇಲೆ ನಿಧಾನವಾಗಿ ಬಣ್ಣ ಬಿಡುತ್ತದೆ, ನೀರು ಕೆಂಪಾಗಿ, ಕಂದಾಗಿ, ಮಂದವಾಗುತ್ತದೆ. ಕುಕ್ಕರಿನಲ್ಲಿ ಏಳು ವಿಷಲ್ ಕೂಗಿಸಿದರೆ ಆಗದೆ ಎಂದು ಕೇಳುವವರಿದ್ದಾರೆ. ಕಾಳು ಬೇಯುತ್ತದೆ, ಕಟ್ಟು ಆಗುವುದಿಲ್ಲ. ಮುಚ್ಚಿದ ಕುಕ್ಕರಿನಲ್ಲಿ ನೀರು ಇಂಗಿ ಬತ್ತಲು ದಾರಿಯಿಲ್ಲ. ಬತ್ತದಿದ್ದರೆ ಅದು ಕಟ್ಟಲ್ಲ, ಕಾಳು ತೊಳೆದ ನೀರು. ಕುಕ್ಕರಿನಲ್ಲಿ ಬೇಯಿಸಿಯೇ ತೀರುತ್ತೇನೆಂಬವರು ಬಸಿದ ಮೇಲಾದರೂ ತೆರೆದ ಪಾತ್ರೆಯಲ್ಲಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಬೇಕು. ಸೌಟಿನ ಬೆನ್ನಿಗೆ ಹತ್ತಿ ಕೂತರೆ ಹದ ಬಂತೆಂದು ಲೆಕ್ಕ.

ಮಸಾಲೆಯಲ್ಲಿ ಬೆರಗುಪಡುವಂಥದ್ದೇನಿಲ್ಲ. ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಕೆಂಡದಲ್ಲಿ ಸುಟ್ಟ ಈರುಳ್ಳಿ, ಇಡೀ ಗೆಡ್ಡೆ ಬೆಳ್ಳುಳ್ಳಿ, ಬೆಂದ ಹುರುಳಿ ಒಂದು ಹಿಡಿ ಸೇರಿಸಿ ನುಣ್ಣಗೆ ಅರೆಯಬೇಕು. ಬೆಳ್ಳುಳ್ಳಿ ಮುಟ್ಟದ ಮನೆಗಳಲ್ಲಿ ಇಂಗು ಆ ಕೆಲಸಕ್ಕೆ ನಿಲ್ಲುತ್ತದೆ, ಸ್ವಲ್ಪ ಜೋರಾಗಿಯೇ ನಿಲ್ಲುತ್ತದೆ. ನಿಂಬೆ ಗಾತ್ರದ ಹುಣಸೆಹಣ್ಣು, ಉಪ್ಪು. ತೆಂಗಿನಕಾಯಿ ಹಾಕಿದರೆ ಮೊದಲ ದಿನ ರುಚಿ, ಮೂರನೆಯ ದಿನ ಫಜೀತಿ. ಸಾರು ಇಟ್ಟು ಉಣ್ಣಬೇಕೆನ್ನುವವರು ಅವತ್ತಿನ ಪಾಲಿಗೆ ಮಾತ್ರ ಕಾಯಿ ಬೆರೆಸುತ್ತಾರೆ. ಕೊನೆಗೆ ತುಪ್ಪದಲ್ಲಿ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ. ಬೆಲ್ಲ ಹಾಕುವವರೂ ಇದ್ದಾರೆಂದು ಕೇಳಿಬರುತ್ತದೆ. ಅವರ ಬಗ್ಗೆ ಇಲ್ಲಿ ವಿವರಿಸುವುದಿಲ್ಲ.

ಇಷ್ಟಾದ ಮೇಲೂ ಸಾರು ಆಗಿಲ್ಲ. ಮೊದಲ ದಿನ ಕಟ್ಟು ಒಂದು ಕಡೆ, ಖಾರ ಒಂದು ಕಡೆ, ಹುಳಿ ಇನ್ನೊಂದು ಕಡೆ ಮುಖ ತಿರುಗಿಸಿ ನಿಂತಿರುತ್ತವೆ, ಹೊಸದಾಗಿ ಒಂದಾದ ಕೂಡುಕುಟುಂಬದ ಹಾಗೆ. ಎರಡನೆಯ ದಿನ ಕುದಿಸಿದಾಗ ಮಾತುಕತೆ ಶುರುವಾಗುತ್ತದೆ. ಮೂರನೆಯ ದಿನ ಯಾವುದು ಯಾವುದೆಂದು ಬೇರೆ ಮಾಡಲಾಗದ ಸ್ಥಿತಿ. ದಿನಕ್ಕೊಮ್ಮೆ ಕುದಿಸುವುದರಲ್ಲಿ ಎರಡು ಕೆಲಸ ನಡೆಯುತ್ತವೆ: ಕೆಡಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ, ಉಳಿದ ನೀರು ಆರಿ ಕಟ್ಟು ಇನ್ನಷ್ಟು ಗಟ್ಟಿಯಾಗುತ್ತದೆ. ಹಿಂದೆ ಇದಕ್ಕೆಂದೇ ಒಂದು ಮಣ್ಣಿನ ಮಡಕೆ ಇರುತ್ತಿತ್ತು. ಅದನ್ನು ಪೂರ್ತಿ ಬರಿದು ಮಾಡದೆ, ತಳದ ಹಳೆ ಸಾರಿನ ಮೇಲೇ ಹೊಸ ಕಟ್ಟು ಸುರಿಯುವ ಮನೆಗಳೂ ಇದ್ದವು. ಚೀನೀಯರೂ ಮಾಂಸ ಬೇಯಿಸುವ ಮಸಾಲೆ ರಸವನ್ನು ಹೀಗೆಯೇ ಬೆಳೆಸುತ್ತ ವರ್ಷಗಟ್ಟಲೆ ಕಾಪಾಡುತ್ತಾರೆ. ಅಲ್ಲಿ ಅದು ಹೋಟೆಲಿನ ಹೆಮ್ಮೆ, ಇಲ್ಲಿ ಅತ್ತೆ ಸೊಸೆಯರ ತಕರಾರು.

‘ಅತ್ತೆ, ಇದು ನಿನ್ನೇದಲ್ವಾ? ಚೆಲ್ಲಿಬಿಡ್ಲಾ?’

‘ಮೊನ್ನೇದು ಕಣಮ್ಮ. ಇವತ್ತು ತಾನೇ ಸಾರಾಗಿರೋದು.’

ಬಡಿಸುವ ಕ್ರಮ ಮೂರೂರಿಗೂ ಒಂದೇ ಅಲ್ಲ. 1947ರವರೆಗೆ ಇಡೀ ಜಿಲ್ಲೆಗೇ ತನ್ನ ಹೆಸರು ಕೊಟ್ಟಿದ್ದ ಕಡೂರು, ತೆಂಗು ರಾಗಿಗಳ ಬಯಲು. ಅಲ್ಲಿ ಬಿಸಿ ಮುದ್ದೆಯ ನೆತ್ತಿಗೆ ಗುಳಿ ಮಾಡಿ, ಬೆಣ್ಣೆಯಿಟ್ಟು, ಸುತ್ತ ಸಾರು ಹೊಯ್ಯುತ್ತಾರೆ. ತರೀಕೆರೆಯಿಂದ ಬೇರೆಯಾಗಿ ಈಚೆಗೆ ತಾಲ್ಲೂಕಾದ ಅಜ್ಜಂಪುರದಲ್ಲೂ ಮುದ್ದೆಯೇ, ಜೊತೆಗೆ ಊರ ಹೊಲದ ಈರುಳ್ಳಿಯನ್ನು ಗುದ್ದಿ ಒಡೆದು ನೆಂಚಿಕೊಳ್ಳುತ್ತಾರೆ. ತರೀಕೆರೆ ಒಂದು ಕಾಲು ಬಯಲುಸೀಮೆಯಲ್ಲಿ, ಇನ್ನೊಂದು ಕಾಲು ಮಲೆನಾಡಿನಲ್ಲಿ ಊರಿರುವ ಊರು. ಅಲ್ಲಿ ಮುದ್ದೆಯೂ ಸರಿ, ಅನ್ನವೂ ಸರಿ, ಕಡುಬೂ ಸರಿ. ಯಾವುದು ಶ್ರೇಷ್ಠ ಎಂದು ಮೂರೂರಿನವರನ್ನು ಒಂದೇ ಕಡೆ ಕೂರಿಸಿ ಕೇಳಬಾರದು.

ಮೈಗೆ ಉಷ್ಣ ಎಂಬ ಕಾರಣಕ್ಕೆ ಇದನ್ನು ಮಳೆ, ಚಳಿಗಾಲಕ್ಕೆ ಮೀಸಲಿಡುತ್ತಾರೆ. ಶೀತ ಇಳಿಯುತ್ತದೆ, ಬೊಜ್ಜು ಕರಗುತ್ತದೆ, ಮೂತ್ರದ ಕಲ್ಲು ಹೋಗುತ್ತದೆ ಎಂದೆಲ್ಲ ಹೇಳಿಕೆಯುಂಟು. ಹಕ್ಕಿಗೂಡಿನ ಸಾರಿಗೂ ಚೀನೀಯರು ಶ್ವಾಸಕೋಶ ಗಟ್ಟಿಯಾಗುತ್ತದೆ, ಮುಖ ಕಾಂತಿ ಏರುತ್ತದೆ ಎಂದು ಪಟ್ಟಿ ಕೊಡುತ್ತಾರೆ. ಹುರುಳಿಯ ಬಗ್ಗೆ ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಕಾಳಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಪ್ರೊಟೀನು. ಅದರಲ್ಲಿ ದೊಡ್ಡ ಪಾಲು ಎತ್ತಿಗೆ ಹೋಗುತ್ತದೆ ಎಂಬುದು ಬೇರೆ ಮಾತು.

ಚೀನಾದ ಫುಝೌ ಪಟ್ಟಣದ ಇನ್ನೊಂದು ಸಾರಿನ ಹೆಸರೇ ‘ಬುದ್ಧ ಗೋಡೆ ಹಾರುತ್ತಾನೆ’. ಸಮುದ್ರದವೂ ಸೇರಿದಂತೆ ಹತ್ತಾರು ಪದಾರ್ಥ ಹಾಕಿ ಎರಡು ದಿನ ಮಾಡುವ ಆ ಸಾರಿನ ಘಮಕ್ಕೆ ಸಸ್ಯಾಹಾರಿ ಸನ್ಯಾಸಿಯೂ ಮಠದ ಗೋಡೆ ಹಾರಿ ಬಂದಾನು ಎಂದು ಅದರ ಅರ್ಥ. ಕಟ್ಟಿನ ಸಾರಿಗೆ ಸನ್ಯಾಸಿಗಳು ಹಾರಿದ ವರದಿಯಿಲ್ಲ. ಒಗ್ಗರಣೆಯ ಸದ್ದಾದ ಕಾಲುಗಂಟೆಯೊಳಗೆ ಕಾಂಪೌಂಡಿನ ಮೇಲಿಂದ ಪಕ್ಕದ ಮನೆಯ ಸ್ಟೀಲ್ ಡಬ್ಬಿಯೊಂದು ಬರುತ್ತದೆ. ಮರುದಿನ ಹುಣಸೆಹಣ್ಣನ್ನೋ ನಾಲ್ಕು ನುಗ್ಗೆಕಾಯಿಯನ್ನೋ ಹೊತ್ತು ಇನ್ನೊಮ್ಮೆ ಬರುತ್ತದೆ, ಏಕೆಂದರೆ ಸಾರು ಮುಗಿದಿಲ್ಲವೆಂದು ಅದಕ್ಕೆ ಗೊತ್ತು.

ಸಾರಿನ ದೂರಪ್ರಯಾಣ ಈಚಿನದು. ಬೆಂಗಳೂರಿನಲ್ಲಿರುವ ಮಕ್ಕಳಿಗೆ ಅಮ್ಮಂದಿರು ಇದನ್ನು ತಂಪು ಪಾನೀಯದ ಹಳೆ ಬಾಟಲಿಯಲ್ಲಿ ತುಂಬಿ ಕಳಿಸುತ್ತಾರೆ. ತರೀಕೆರೆಯಲ್ಲಿ ರೈಲು ಹತ್ತಿದ ಬಾಟಲಿ ಬೀರೂರಿನವರೆಗೆ ಸುಮ್ಮನಿರುತ್ತದೆ. ಕಡೂರು ದಾಟಿದ ಮೇಲೆ ಸೆಕೆಗೆ ಒಳಗೆ ಹುದುಗು ಎದ್ದು ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ. ಅರಸೀಕೆರೆಯಲ್ಲಿ ಹತ್ತಿದ ಹೊಸ ಪ್ರಯಾಣಿಕನ ಬಿಳಿ ಅಂಗಿಗೂ ಆ ಬಾಟಲಿಗೂ ಪೂರ್ವಜನ್ಮದ ನಂಟು ಇರುವಂತೆ ತೋರುತ್ತದೆ. ತಿಪಟೂರು ಬರುವಷ್ಟರಲ್ಲಿ ಅದು ಬೆಳಕಿಗೆ ಬರುತ್ತದೆ. ಹುರುಳಿ ಕಟ್ಟಿನ ಕಲೆ ಒಗೆದರೆ ಹೋಗುವುದಿಲ್ಲ. ಆದ್ದರಿಂದ ಸಾರು ಒಯ್ಯುವವರು ಹೊರಡುವ ಮುನ್ನ ಚೆನ್ನಾಗಿ ಕುದಿಸಿ, ಪೂರ್ತಿ ಆರಿಸಿ, ಬಾಟಲಿಯನ್ನು ಮುಕ್ಕಾಲು ಮಾತ್ರ ತುಂಬಿ, ನಡುನಡುವೆ ಮುಚ್ಚಳ ಸಡಿಲಿಸಿ ಗಾಳಿ ಬಿಡಿ. ಮೇಲಿನ ಬರ್ತಿನಲ್ಲಿ ಮಾತ್ರ ಇಡಬೇಡಿ.