ಪಕಾರ ಪಲಾಯನ ಮೀಮಾಂಸೆ

ಹಳಗನ್ನಡದ ಪಾಲ್ ಹಾಲಾಗಿದ್ದು, ಪುಲಿ ಹುಲಿಯಾಗಿದ್ದು, ಪಳ್ಳಿ ಹಳ್ಳಿಯಾಗಿದ್ದು ಕನ್ನಡ ನಾಡು ಕಂಡ ಅತಿ ದೊಡ್ಡ ಗುಳೆ. ಸುಮಾರು 10ನೆಯ ಶತಮಾನದಿಂದ ಶಾಸನಗಳಲ್ಲಿ ಅಲ್ಲೊಂದು ಇಲ್ಲೊಂದು ಹಕಾರ ಇಣುಕತೊಡಗಿತು. ನಡುಗನ್ನಡ ಮುಗಿಯುವ ಹೊತ್ತಿಗೆ ಅಚ್ಚಗನ್ನಡ ಪದಗಳ ಮೊದಲಲ್ಲಿದ್ದ ಪಕಾರ ಬಹುಪಾಲು ಮನೆ ಖಾಲಿ ಮಾಡಿತ್ತು. ಇದಕ್ಕೆ ಕಾರಣವೇನೆಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಇದ್ದಿದ್ದರೆ ಅವರು ಪಂಡಿತರೇ ಅಲ್ಲ.

ಎಲ್ಲಕ್ಕಿಂತ ಜನಪ್ರಿಯವಾದದ್ದು ಸೋಮಾರಿ ವಾದ. ಪಕಾರಕ್ಕೆ ಎರಡೂ ತುಟಿ ಕೂಡಬೇಕು, ಹಕಾರಕ್ಕೆ ಉಸಿರು ಬಿಟ್ಟರೆ ಸಾಕು. ಬಾಯ್ತುಂಬ ಎಲೆಯಡಿಕೆ ಇರುವವನು ಯಾವುದನ್ನು ಆರಿಸುತ್ತಾನೆಂಬುದು ಸ್ವಯಂಸಿದ್ಧ. ಆದರೆ ಪಕ್ಕದ ತಮಿಳರೂ ತೆಲುಗರೂ ಅದೇ ಎಲೆಯಡಿಕೆ ಜಗಿದು ಇವತ್ತಿಗೂ ಪಾಲನ್ನೇ ಕುಡಿಯುತ್ತಾರೆ. ಕನ್ನಡಿಗರ ತುಟಿಯಾದರೂ ಪಾಪ, ಪುಣ್ಯ, ಪೊಲೀಸ್ ಎನ್ನುವಾಗ ದಣಿದದ್ದಿಲ್ಲ. ಹೊಲೀಸ್ ಠಾಣೆ ಇನ್ನೂ ಎಲ್ಲೂ ತೆರೆದಿಲ್ಲ.

ಇದಕ್ಕಿಂತ ಎತ್ತರದ್ದು ಪರ್ವತ ವಾದ. ಜರ್ಮಾನಿಕ್ ಭಾಷೆಗಳಲ್ಲಿ ಪಕಾರ ಫಕಾರವಾದದ್ದೇ ಮೊದಲಾದ ಪಲ್ಲಟಗಳನ್ನು ಯಾಕೋಬ್ ಗ್ರಿಮ್ 1822ರಲ್ಲಿ ನಿಯಮವಾಗಿ ಹೊಸೆದಿದ್ದ. ಅದಕ್ಕೆ ಬೆಟ್ಟ ಹತ್ತುವವರ ಏದುಸಿರೇ ಮೂಲವೆಂದು 20ನೆಯ ಶತಮಾನದ ಆರಂಭದಲ್ಲಿ ಹೈನ್ರಿಶ್ ಮೇಯರ್-ಬೆನ್‌ಫೈ ವಾದಿಸಿದ. ಇದು ಅಣಕವಲ್ಲ, ನಿಜ. ಡೆನ್ಮಾರ್ಕಿನ ಆಟೊ ಯೆಸ್ಪರ್ಸನ್, ಚಪ್ಪಟೆಯಾದ ತನ್ನ ದೇಶದಲ್ಲೂ ಅಂಥದೇ ಪಲ್ಲಟ ನಡೆದಿದೆಯೆಂದು ತೋರಿಸಿ ಆ ವಾದವನ್ನು ಬೆಟ್ಟದಿಂದ ಇಳಿಸಿದ. ಯೆಸ್ಪರ್ಸನ್‌ಗೆ ಇನ್ನೂ ಒಳ್ಳೆಯ ಸಾಕ್ಷಿ ಕೊಡಗಿನಲ್ಲಿತ್ತು: ಜೀವಮಾನವಿಡೀ ಬೆಟ್ಟ ಹತ್ತಿಳಿಯುವ ಕೊಡವರು ಪಾಲ್ ಎನ್ನುತ್ತಾರೆ, ರಾಯಚೂರಿನ ಬಯಲಿನವರು ಏದುಸಿರಿಲ್ಲದೆ ಹಾಲು ಎನ್ನುತ್ತಾರೆ.

ಧ್ವನಿನಿಯಮಕ್ಕೆ ಅಪವಾದವೇ ಇಲ್ಲವೆಂದು ಲೈಪ್‌ಜಿಗ್‌ನ ನವವೈಯಾಕರಣರು 1878ರಲ್ಲಿ ಸಾರಿದರು. ಹಾಗಾದರೆ ಪತ್ತು ಹತ್ತಾದಾಗ ಇಪ್ಪತ್ತು ಏಕೆ ಇಹ್ಹತ್ತಾಗಲಿಲ್ಲ? ಒಂಟಿ ಪಕಾರ ಓಡಿತು, ಒತ್ತಿನ ಜೊತೆಯಿದ್ದದ್ದು ಧೈರ್ಯವಾಗಿ ಉಳಿಯಿತು. ಇದು ಅಪವಾದವಲ್ಲ, ಷರತ್ತು. ಅಪವಾದವನ್ನು ಷರತ್ತೆಂದು ಕರೆದರೆ ನಿಯಮಕ್ಕೆ ಏನೂ ಆಗುವುದಿಲ್ಲ.

ಬದಲಾವಣೆ ಈ ಭಾಷೆಯಲ್ಲಿ, ಈ ಕಾಲದಲ್ಲಿ ಆಗಿ ಪಕ್ಕದ್ದರಲ್ಲಿ ಏಕೆ ಆಗುವುದಿಲ್ಲ ಎಂಬುದೇ ಅಸಲು ಪ್ರಶ್ನೆ. ಭಾಷಾವಿಜ್ಞಾನಿಗಳಾದ ವೈನ್‌ರೈಶ್, ಲಬೋವ್ ಮತ್ತು ಹರ್ಜಾಗ್ 1968ರಲ್ಲಿ ಅದಕ್ಕೊಂದು ಗಂಭೀರ ಹೆಸರಿಟ್ಟರು. ಹೆಸರು ಸಿಕ್ಕಿದ ಮೇಲೆ ಉತ್ತರದ ತುರ್ತು ಅಷ್ಟಿರಲಿಲ್ಲ.

ಈ ನಡುವೆ ಹಕಾರವೂ ಗಂಟುಮೂಟೆ ಕಟ್ಟಿದೆ. ಹಳೆ ಮೈಸೂರಿನ ಎಷ್ಟೋ ಕಡೆ ಅಳ್ಳಿಯಿಂದ ಆಲು ಬರುತ್ತದೆ. ಆದರೆ ಹಕಾರಕ್ಕೆ ನಾಶವಿಲ್ಲ, ಸ್ಥಳಾಂತರ ಮಾತ್ರ: ಹಾಲಿನಿಂದ ಬಿದ್ದದ್ದು ವೇದಿಕೆಯ ಮೇಲೆ ಶುದ್ಧವಾಗಿ ಮಾತಾಡಲು ಹೊರಟವರ ಬಾಯಿ ಸೇರಿ, ಗಣ್ಯರಿಗೆ ಆದರದ ಸ್ವಾಗತದ ಬದಲು ಹಾದರದ ಸ್ವಾಗತ ದೊರಕಿಸುತ್ತದೆ.