ಪತಿತದ್ರವ್ಯ ಮೀಮಾಂಸೆ

ಆನ್‌ಲೈನ್ ಆಟಗಳಲ್ಲಿ ಹತನಾದ ರಾಕ್ಷಸನ ಮೈಯಿಂದ ಉದುರುವ ಹೊನ್ನು, ಖಡ್ಗ, ಉಂಗುರ ಮೊದಲಾದುವನ್ನು ಆಟಗಾರರು ‘ಲೂಟ್ ಡ್ರಾಪ್’ ಎನ್ನುವರು. ಶಾಸ್ತ್ರದ ಘನತೆಗೆ ಈ ಹೆಸರು ಸಾಲದೆಂದು ಬಗೆದು ನಾನು ಅದಕ್ಕೆ ‘ಪತಿತದ್ರವ್ಯ’ವೆಂಬ ಸಂಜ್ಞೆಯನ್ನು ಕೊಟ್ಟಿರುವೆನು. ಆದರೂ ಲೂಟ್ ಎಂಬುದು ಪರಕೀಯ ಶಬ್ದವೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಸಂಸ್ಕೃತದ ಲುಂಠನದ ಬಳಗಕ್ಕೆ ಸೇರಿ, ಹಿಂದಿಯಲ್ಲಿ ಬೆಳೆದು, ಕನ್ನಡದಲ್ಲಿ ಲೂಟಿಯೆಂದು ನೆಲೆಗೊಂಡ ಈ ಪದವು ಕಂಪನಿ ಸರ್ಕಾರದ ಕಾಲದಲ್ಲಿ ಇಂಗ್ಲಿಷಿಗೆ ಸಾಗಿಹೋಗಿ, ಈಗ ರಾಕ್ಷಸರ ಹೊಟ್ಟೆಯ ಮಾರ್ಗವಾಗಿ ತೌರಿಗೆ ಮರಳಿದೆ.

ಹಣ ಕಂಡರೆ ಹೆಣವೂ ಬಾಯಿ ಬಿಡುವುದೆಂದು ನಮ್ಮ ಹಿರಿಯರು ಹೇಳಿದರು. ಹೆಣವೇ ಬಾಯ್ದೆರೆದು ಹಣವನ್ನು ಕಾರುವ ಲೋಕವೊಂದುಂಟೆಂಬುದನ್ನು ಅವರು ಕಾಣದೆ ಹೋದರು. 2000ನೆಯ ಇಸವಿಯಲ್ಲಿ ಹೊರಬಂದ ‘ಡಯಾಬ್ಲೊ 2’ ಅಂಥದೊಂದು ಲೋಕ. ಅಲ್ಲಿ ಗಣಿಯಿಲ್ಲ, ಟಂಕಸಾಲೆಯಿಲ್ಲ. ಪ್ರತಿಯೊಂದು ಪಿಶಾಚವೂ ಒಂದು ಅಕ್ಷಯಪಾತ್ರೆಯಾಗಿದ್ದು, ಇಂದು ಕೊಂದದ್ದು ಹೊಸ ಆಟ ತೆರೆದೊಡನೆ ಹೊಸ ಕಾಸಿನೊಡನೆ ಎದ್ದು ನಿಲ್ಲುವುದು. ವೀರನೊಬ್ಬನು ತನ್ನ ಮಟ್ಟವನ್ನು 10,000ದಿಂದ ಗುಣಿಸಿದಷ್ಟು ಹೊನ್ನನ್ನು ಮಾತ್ರ ಮೈಮೇಲೆ ಹೊರಬಹುದೆಂದು, ಅಂದರೆ ತುತ್ತತುದಿಯ 99ನೆಯ ಮಟ್ಟದವನಿಗೂ 9,90,000ವೇ ಮಿತಿಯೆಂದು, ನಿರ್ಮಾಪಕರು ಕಟ್ಟಳೆ ಮಾಡಿದ್ದರು. ಹಾಗಿದ್ದೂ ಹೊನ್ನು ಮಣ್ಣಾಯಿತು. ಯಾವ ಯತಿಯ ಉಪದೇಶವೂ ಇಲ್ಲದೆ ಆಟಗಾರರು ಸುವರ್ಣವನ್ನು ತುಳಿದುಕೊಂಡು ನಡೆದರು. ವಿರಳವಾದುದೂ, ಯಾವ ಕುಲದ ವೀರನ ವಿದ್ಯೆಗಳನ್ನಾದರೂ ಒಂದು ಮೆಟ್ಟಿಲು ಏರಿಸುವುದೂ, ಚೀಲದಲ್ಲಿ ಒಂದೇ ಚೌಕವನ್ನು ಬೇಡುವುದೂ ಆದ ‘ಸ್ಟೋನ್ ಆಫ್ ಜೋರ್ಡನ್’ ಎಂಬ ಉಂಗುರವನ್ನೇ ನಾಣ್ಯವಾಗಿ ಸ್ವೀಕರಿಸಿದರು.

ಪತಿತದ್ರವ್ಯವು ಮನಬಂದಂತೆ ಬೀಳುವುದೆಂದು ಪಾಮರರು ತಿಳಿಯುವರು. ಹಾಗಲ್ಲ. ರಾಕ್ಷಸನ ಬೆನ್ನಿಗೆ ಒಂದು ಕೋಷ್ಟಕವುಂಟು, ಅದರಲ್ಲಿ ಒಂದೊಂದು ವಸ್ತುವಿಗೂ ಒಂದೊಂದು ತೂಕವುಂಟು. ಖಡ್ಗ, ಕವಚ, ಹೊನ್ನುಗಳ ಪಂಕ್ತಿಯಲ್ಲಿಯೇ ‘ನೋ ಡ್ರಾಪ್’, ಎಂದರೆ ‘ಏನೂ ಇಲ್ಲ’ ಎಂಬುದೂ ತನ್ನದೊಂದು ತೂಕವಿಟ್ಟುಕೊಂಡು ಗಂಭೀರವಾಗಿ ಕುಳಿತಿರುವುದು. ಅಭಾವವೂ ಒಂದು ಪದಾರ್ಥವೇ ಎಂದು ವಾದಿಸಿದ ವೈಶೇಷಿಕರಿಗೆ ಇಷ್ಟು ನಿಚ್ಚಳವಾದ ಸಮರ್ಥನೆ ಬೇರೆಲ್ಲಿಯೂ ದೊರೆತಿರಲಾರದು. ಒಂದೇ ಆಟದೊಳಗೆ ಜನ ಹೆಚ್ಚಿದಂತೆ, ಎಂಟರ ಮಿತಿಯವರೆಗೆ, ಈ ಅಭಾವದ ಪಾಲು ಕುಗ್ಗಿ ದ್ರವ್ಯದ ಪಾಲು ಹಿಗ್ಗುವುದು. ಪಂಕ್ತಿ ಬೆಳೆದಷ್ಟೂ ಬಡಿಸುವ ಕೈ ಧಾರಾಳವಾಗುವ ಈ ಏರ್ಪಾಡನ್ನು ನಮ್ಮ ಮದುವೆಮನೆಗಳಲ್ಲಿ ನಾನು ಕಂಡವನಲ್ಲ. ಈ ವಿಷಯದಲ್ಲಿ ನನಗೆ ಪ್ರತ್ಯಕ್ಷಪ್ರಮಾಣವು ಅತ್ಯಲ್ಪ, ಏಕೆಂದರೆ ನಾನಾಡಿದ ಏಕೈಕ ಆಟದಲ್ಲಿ ಪತಿತನಾದವನು ನಾನೇ. ಉಳಿದುದಕ್ಕೆ ಸೋದರಳಿಯನ ಆಪ್ತವಾಕ್ಯವೇ ಪ್ರಮಾಣ.

ಇಲ್ಲಿ ಪೂರ್ವಪಕ್ಷಿಯು ಎದ್ದು, ಅಭಾವದ ತೂಕವನ್ನು ಹೆಚ್ಚಿಸಿಬಿಟ್ಟರೆ ಹಣದುಬ್ಬರವು ತಾನಾಗಿ ಇಳಿಯದೆ, ಎನ್ನುವನು. ಆತನು 2012ರ ‘ಡಯಾಬ್ಲೊ 3’ನ್ನು ನೋಡಿ ಬರಲಿ. ಅಲ್ಲಿ ಉತ್ಕೃಷ್ಟ ವಸ್ತುಗಳು ಬೀಳುವುದನ್ನು ಬಿಗಿಮಾಡಿ, ಪಕ್ಕದಲ್ಲಿಯೇ ಹೊನ್ನಿಗೊಂದು, ನಿಜವಾದ ದುಡ್ಡಿಗೊಂದು ಹರಾಜುಕಟ್ಟೆಯನ್ನು ತೆರೆದರು. ಪಿಶಾಚಸಂಹಾರಕ್ಕಿಂತ ಕಟ್ಟೆಯ ಮೇಲೆ ಕೂಡುವುದೇ ಲಾಭವೆಂದರಿತ ಶೂರರು ದಲ್ಲಾಳಿಗಳಾದರು. 2014ರ ಮಾರ್ಚ್ 18ರಂದು ಕಟ್ಟೆ ಮುಚ್ಚಿತು. ಆ ಹೊತ್ತಿಗೆ ಒಳ್ಳೆಯ ವಸ್ತುಗಳು ಉದಾರವಾಗಿ ಬೀಳತೊಡಗಿದುವಾದರೂ, ಅವುಗಳಲ್ಲಿ ಬಹುಪಾಲು ದೊರೆತವನ ಖಾತೆಗೇ ಅಂಟಿಕೊಳ್ಳುವಂತಾದುವು: ಅನುಭವಿಸಬಹುದು, ಪರಭಾರೆ ಮಾಡಕೂಡದು.

ಇನ್ನು ಕೋಷ್ಟಕಕ್ಕೆ ಎಟುಕದ ಉಪದ್ರವವೊಂದುಂಟು. ‘ಡಯಾಬ್ಲೊ 2’ರಲ್ಲಿ ಗಣಕದ ಲೋಪಗಳನ್ನು ಹಿಡಿದು ಕೆಲವರು ಜೋರ್ಡನ್ ಉಂಗುರಕ್ಕೆ ಪ್ರತಿಕೃತಿಗಳನ್ನು ಹುಟ್ಟಿಸಿದರು; ಆಟಗಾರರ ಮಾತಿನಲ್ಲಿ ಅದು ‘ಡ್ಯೂಪ್’. ಬೀಳುವ ದ್ರವ್ಯವನ್ನು ಕೋಷ್ಟಕವು ಆಳಬಲ್ಲುದು. ಬೀಳದೆಯೇ ರಕ್ತಬೀಜಾಸುರನಂತೆ ಒಂದು ನೂರಾಗುವ ದ್ರವ್ಯವನ್ನು ಯಾವ ಕೋಷ್ಟಕ ಆಳೀತು? ಆಗ, 2003ರಲ್ಲಿ ಬಂದ 1.10ನೆಯ ತಿದ್ದುಪಡಿಯಲ್ಲಿ, ನಿರ್ಮಾಪಕರು ಹೂಡಿದ ತಂತ್ರವು ನನ್ನ ಮಟ್ಟಿಗೆ ಅರ್ಥಶಾಸ್ತ್ರದ ಮುಕುಟಮಣಿ. ಉಂಗುರವನ್ನು ಆಟದೊಳಗಿನ ವರ್ತಕನಿಗೆ ಮಾರಿದರೆ ಅದು ಲೋಕದಿಂದಲೇ ತೊಲಗುವುದು. ಹಾಗೆ ಮಾರಿದ ಉಂಗುರಗಳು ಒಂದು ಸಂಖ್ಯೆಯನ್ನು ಮುಟ್ಟಿದೊಡನೆ, ಆ ಸರ್ವರಿನಲ್ಲಿ ‘ಹೆಲ್’ ಎಂಬ ಕಠಿಣ ಹಂತವನ್ನಾಡುವವರ ಎದುರಿಗೆ ಆಟಕ್ಕೆ ಹೆಸರಿತ್ತ ಪಿಶಾಚನಾದ ಸಾಕ್ಷಾತ್ ಡಯಾಬ್ಲೊವೇ ಹೆಚ್ಚಿನ ಬಲದೊಡನೆ ಅವತರಿಸುವನು. ಅವನನ್ನು ಕೊಂದರೆ ‘ಅನೈಹಿಲಸ್’ ಎಂಬ ತಾಯಿತವು ಬೀಳುವುದು. ಕಂದಾಯ ವಸೂಲಿಗೆ ಯಮನನ್ನೇ ಅಮಲ್ದಾರನನ್ನಾಗಿ ನೇಮಿಸುವ ಯುಕ್ತಿಯು ಕೌಟಿಲ್ಯನಿಗೂ ಹೊಳೆದಿರಲಿಲ್ಲ.

ಇಷ್ಟು ಉಂಗುರಗಳು ಮಾರಾಟವಾದುವೆಂಬ ಲೆಕ್ಕವು ಎಲ್ಲರ ಪರದೆಯ ಮೇಲೂ ಮೂಡುತ್ತಿತ್ತು. ಅದು ಏರುವುದನ್ನೇ ನೋಡುತ್ತ, ಊಟಕ್ಕೂ ಏಳದೆ ಕುಳಿತಿದ್ದ ಸೋದರಳಿಯನನ್ನು ಒಂದು ರಾತ್ರಿ ಕೇಳಿದೆ: “ನಿನ್ನವು ಎಷ್ಟು ಮಾರಿದೆಯೋ?”

“ನಾನ್ಯಾಕೆ ಮಾರ್ಲಿ, ಮಾಮ? ಎಲ್ಲರೂ ಮಾರ್ತಿದಾರಲ್ಲ!” ಎಂದನು, ಪರದೆಯಿಂದ ಕಣ್ಣು ಕೀಳದೆ.